ಕಿವಿ ಹರಿದ ಮಳೆಗಾಲ

ಆ ವರ್ಷ ನಾನು ಢೋಲ್ ಪಥಕ ಸೇರಿದ್ದೆ. ಪುಣೆಯಲ್ಲಿ ಗಣಪತಿ ಮೆರವಣಿಗೆಗೆ ಢೋಲು ಬಾರಿಸುವ ಹುಡುಗರಿಗೆ ಬಲಗಿವಿಯ ಮೇಲಂಚಿನಲ್ಲಿ ಭಿಕಬಾಳಿ ಇರಲೇಬೇಕೆಂಬ ಹುಚ್ಚು. ಎರಡು ಮುತ್ತು, ನಡುವೆ ಕೆಂಪು ಹರಳು ಪೋಣಿಸಿದ ಸಣ್ಣ ಬಂಗಾರದ ಬಾಳಿ ಅದು, ಹಿಂದೆ ಪೇಶ್ವೆಗಳು ತೊಡುತ್ತಿದ್ದದ್ದು. ಬಹಳಷ್ಟು ಜನ ಒತ್ತಿ ಸಿಕ್ಕಿಸುವ ನಕಲಿಯಲ್ಲೇ ತೃಪ್ತರು. ನನಗೆ ಚುಚ್ಚಿಸಿಕೊಂಡದ್ದೇ ಬೇಕಿತ್ತು. ನಮ್ಮದು ಧಾರವಾಡ ಕಡೆಯ ಮನೆ, ನಾನು ಹುಟ್ಟಿ ಬೆಳೆದದ್ದು ಪುಣೆಯ ಧನಕವಡಿಯಲ್ಲಿ. ಆದರೂ ಪಥಕದಲ್ಲಿ ಕೆಲವರು ನನ್ನನ್ನು 'ಕಾನಡಿ' ಎಂದೇ ಕರೆಯುತ್ತಿದ್ದರು. ಅವರ ಬಾಯಿ ಮುಚ್ಚಿಸುವ ಹಟವೂ ಇತ್ತೆನ್ನಿ.

ಪೇಟೆಯ ಅಕ್ಕಸಾಲಿಗರು ಕಿವಿಯ ಗಟ್ಟಿ ಭಾಗಕ್ಕೆ ತಂತಿಯ ಚೂಪು ತುದಿ ಒತ್ತಿದಾಗ ಹಪ್ಪಳ ಮುರಿದಂಥ ಸದ್ದು ನನ್ನ ತಲೆಯೊಳಗೇ ಕೇಳಿತು. ಹಾಲೆ ಚುಚ್ಚಿದ ಹಾಗಲ್ಲ ಇದು, ಮಾಯಲಿಕ್ಕೆ ತಿಂಗಳುಗಟ್ಟಲೆ ಬೇಕು ಎಂದರು. ನಾನು ಕನ್ನಡಿ ನೋಡಿಕೊಳ್ಳುವುದರಲ್ಲಿ ಮುಳುಗಿದ್ದೆ. ವಾರ ಕಳೆಯುವಷ್ಟರಲ್ಲಿ ಕಿವಿ ಕೆಂಡದಂತಾಯಿತು. ಅವ್ವ ಕೊಬ್ಬರಿ ಎಣ್ಣೆಯಲ್ಲಿ ಅರಿಷಿಣ ಕಲಸಿ ಮೆತ್ತಿದಳು. ತೂತು ಕೂಡಿಕೊಳ್ಳಬಾರದೆಂದು ನಾನು ಸ್ನಾನ ಮಾಡುವಾಗಲೆಲ್ಲ ಬಾಳಿಯನ್ನು ತಿರುವುತ್ತಿದ್ದೆ. ತಿರುವಿದಷ್ಟೂ ಊದಿಕೊಂಡಿತು. ಆ ಮಗ್ಗುಲಿಗೆ ಮಲಗಿದರೆ ಚೀರಿ ಏಳುವಂತಾಗುತ್ತಿತ್ತು.

ಅಕ್ಕ ಬಂದದ್ದು ಆಗ. ಅವಳನ್ನು ಘಾಟಿನಾಚೆಯ ಸಾಸವಡಕ್ಕೆ ಕೊಟ್ಟಿದ್ದೆವು. ಭಾವನ ಮನೆಯವರೂ ನಮ್ಮ ಕಡೆಯವರೇ, ಅಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟುಕೊಂಡಿದ್ದರು. ಪಂಢರಪುರಕ್ಕೆ ಹೋಗುವ ಪಾಲಖಿ ಸಾಸವಡ ದಾಟಿಹೋದ ಮೇಲೆ ಒಂದು ಮಧ್ಯಾಹ್ನ ಅವಳು ಒಂದೇ ಚೀಲ ಹಿಡಿದು ಬಾಗಿಲಲ್ಲಿ ನಿಂತಳು. ಎಡಗೆನ್ನೆ ಊದಿತ್ತು.

"ಬಚ್ಚಲದಾಗ ಜಾರಿ ಬಿದ್ದೆ" ಎಂದಳು. ಅವ್ವ ಕೆನ್ನೆಯನ್ನೂ ಚೀಲವನ್ನೂ ನೋಡಿ, "ಎಷ್ಟ್ ದಿನ ಇರ್ತೀ?" ಎಂದಷ್ಟೇ ಕೇಳಿದಳು.

ಅಕ್ಕ ನನ್ನ ಕಿವಿ ಹಿಡಿದು ಬೆಳಕಿಗೆ ತಿರುಗಿಸಿದಳು. ಮದುವೆಗೆ ಮುಂಚೆ ಅವಳು ಒಬ್ಬ ಡಾಕ್ಟರ ದವಾಖಾನೆಯಲ್ಲಿ ಪಟ್ಟಿ ಕಟ್ಟುವ ಕೆಲಸಕ್ಕಿದ್ದಳು.

"ಯಾರು ಹೇಳಿದ್ರು ನಿನಗ ಇದನ್ನೆಲ್ಲ ಮೆತ್ತಿಕೋ ಅಂತ? ಕಿವಿ ಕೊಳತು ಹೋಗತದ ನೋಡು."

ಅಂದಿನಿಂದ ಬೆಳಿಗ್ಗೆ, ಸಂಜೆ ಅದೇ ಕೆಲಸ. ಅವಳು ಸ್ಟೀಲಿನ ಬೋಗುಣಿಯಲ್ಲಿ ನೀರು ಕುದಿಸಿ ಚಿಟಿಕೆ ಉಪ್ಪು ಹಾಕಿ ಆರಲು ಇಡುತ್ತಿದ್ದಳು. ಆಮೇಲೆ ಅರಿವೆಯನ್ನು ಅದರಲ್ಲಿ ಅದ್ದಿ ಕಿವಿಗೆ ಒತ್ತಿ ಹಿಡಿದು, ಗಟ್ಟಿಯಾದ ಕೀವು ನೆನೆದು ತಾನೇ ಬಿಡುವವರೆಗೆ ಕಾಯುತ್ತಿದ್ದಳು. ಕಿತ್ತು ತೆಗೆಯಬಾರದು, ತಿರುವಬಾರದು, ಮುಟ್ಟಬಾರದು. ನಾನು ಅಲುಗಿದರೆ ತಲೆಯ ಮೇಲೆ ಒಂದು ಏಟು. ಡಾಕ್ಟರಿಗೂ ತೋರಿಸಿ ಗುಳಿಗೆ ತಂದೆವು. ಊತ ಇಳಿಯತೊಡಗಿತು.

ಹಾಗೆ ಅವಳ ಮುಂದೆ ತಲೆ ವಾಲಿಸಿ ಕೂತಾಗಲೇ ನಾನು ಅವಳ ಮುಂಗೈ ನೋಡಿದ್ದು. ಅವಳು ಆ ಸೆಕೆಯಲ್ಲೂ ಉದ್ದ ತೋಳಿನ ಕುಪ್ಪಸ ತೊಡುತ್ತಿದ್ದಳು. ನೀರಿಗೆ ಕೈ ಅದ್ದಲು ತೋಳು ಮಡಚಿದಾಗ ಬೆರಳಿನ ಗುರುತು ಕಂಡವು, ಹಳೆಯವು ಹಳದಿಯಾಗಿ, ಹೊಸವು ನೀಲಿಯಾಗಿ. ಮೊಣಕೈ ಹತ್ತಿರ ಸುಟ್ಟ ಗುಂಡನೆಯ ಕಲೆ.

"ಇದೇನಕ್ಕಾ?"

"ಸುಮ್ಮ ಕೂಡು. ತಲಿ ಎತ್ತಬ್ಯಾಡ."

ಅಂದು ಊಟಕ್ಕೆ ಕೂತಾಗ ನಾನು ಅವ್ವನ ಮುಂದೆ ಬಾಯಿ ಬಿಟ್ಟೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತದ. ಗಂಡಸರು ಸಿಟ್ಟಿಗೇಳತಾರ. ನಿಮ್ಮಪ್ಪ ಏನು ದೇವರಾಗಿದ್ದನೇನು? ನಾಕ್ ದಿನ ಇದ್ದು ಹೋಗ್ಲಿ."

ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಅಕ್ಕ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಶ್ರಾವಣ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಅವಳು ನೀರು ಕುದಿಸುತ್ತಿದ್ದಳು, ನಾನು ಅರಿವೆ ಹಿಡಿದು ಪಡಸಾಲೆಯಲ್ಲಿ ಕೂತಿದ್ದೆ. ಬಾಗಿಲು ಬಡಿದ ಸದ್ದಿಗೆ ಅವ್ವ ಎದ್ದು ತೆರೆದಳು. ಭಾವ. ಮಳೆಯಲ್ಲಿ ತೊಯ್ದಿದ್ದ. ಚಪ್ಪಲಿಯನ್ನೂ ಬಿಡದೆ ಒಳಗೆ ಬಂದ.

"ಬರ್ರಿ ಅಳ್ಯಾರ, ಕೂಡ್ರಿ, ಚಹಾ ಇಡತೀನಿ" ಎಂದಳು ಅವ್ವ.

"ಚಹಾ ಬ್ಯಾಡ. ಆಕಿನ್ನ ಕರೀರಿ."

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ನಾ ಬರೂದಿಲ್ಲ" ಎಂದಳು. ಮೆತ್ತಗೆ ಹೇಳಿದಳು, ಆದರೆ ಎಲ್ಲರಿಗೂ ಕೇಳಿಸಿತು.

ಭಾವ ಆ ಕಡೆ ನುಗ್ಗಿದ. ನಾನು ಎದ್ದು ಅಡ್ಡ ನಿಂತೆ. ಅವನಿಗಿಂತ ಎತ್ತರವಾಗಿದ್ದರೂ ಹೊಡೆದಾಡಿ ಗೊತ್ತಿರಲಿಲ್ಲ.

"ನನ್ನ ಹೆಂಡ್ತಿನ್ನ ಒಯ್ಯಾಕ ನಿನ್ನ ಕೇಳಬೇಕೇನಲೇ?" ಎಂದವನು ನನ್ನ ಕಿವಿ ನೋಡಿ ನಕ್ಕ. "ಇದೇನಲೇ ಇದು, ಪೇಶ್ವೆ ಆಗೀಯೇನು?"

ಮಾತು ಮುಗಿಯುವ ಮೊದಲೇ ಅವನ ಬೆರಳು ಬಾಳಿಯೊಳಗೆ ಸಿಕ್ಕಿಕೊಂಡಿತ್ತು. ಅವನು ಕೆಳಕ್ಕೆ ಜಗ್ಗಿದ. ಮೊದಲು ನೋವು ತಿಳಿಯಲಿಲ್ಲ, ಬಟ್ಟೆ ಹರಿದ ಸದ್ದು ಮಾತ್ರ ಕೇಳಿತು. ಆಮೇಲೆ ಕುತ್ತಿಗೆಯ ಮೇಲೆ ಬಿಸಿಯಾಗಿ ಇಳಿಯಿತು. ನಾನು ಕಿವಿಗೆ ಕೈ ಕೊಟ್ಟಾಗ ಅವನು ಹೊಟ್ಟೆಗೆ ಒದ್ದ. ಗೋಡೆಗೆ ತಲೆ ಬಡಿದು ಬಿದ್ದೆ. ಬಿದ್ದವನ ಪಕ್ಕೆಗೆ ಮತ್ತೆ ಒದ್ದ. ತೊಯ್ದ ಚಪ್ಪಲಿಯ ಕೆಸರು ನನ್ನ ತುಟಿಗೆ ಹತ್ತಿತು. ಅವ್ವ ಅವನ ಅಂಗಿ ಹಿಡಿದೆಳೆದಳು. ಅವನು ಮೊಣಕೈಯಿಂದ ತಳ್ಳಿದ ರಭಸಕ್ಕೆ ಅವಳು ಮಂಚದ ಮೇಲೆ ಬಿದ್ದಳು.

ಅಷ್ಟರಲ್ಲಿ ಅಕ್ಕ ಒಲೆಯ ಮೇಲಿಂದ ಬೋಗುಣಿ ಎತ್ತಿಕೊಂಡು ಬಂದಳು. ಇಕ್ಕಳ ಹಿಡಿದೂ ಇರಲಿಲ್ಲ, ಬರಿಗೈ. ಕುದಿಯುವ ನೀರನ್ನು ಅವನ ಮುಖಕ್ಕೆ ಎರಚಿದಳು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಕೂಗಿದ. ಅವಳು ಖಾಲಿ ಬೋಗುಣಿಯಿಂದ ಅವನ ನೆತ್ತಿಗೆ, ಬೆರಳಿಗೆ, ಹೆಗಲಿಗೆ ಬಡಿಯುತ್ತ ಹೋದಳು. ಅವನು ಹಿಂದೆ ಹಿಂದೆ ಸರಿದು ಬಾಗಿಲು ದಾಟಿದ. ಅವಳು ಮೆಟ್ಟಿಲವರೆಗೂ ಬಡಿಯುತ್ತಲೇ ಹೋದಳು. ನನಗೆ ಭಯವಾದದ್ದು ಅವನನ್ನು ನೋಡಿ ಅಲ್ಲ, ಅವಳನ್ನು ನೋಡಿ.

ಅವ್ವ ಮೆಟ್ಟಿಲ ಮೇಲೆ ಕೂತು, "ನನ್ನ ಮಗನ್ನ ಕೊಂದ್ನೋ, ಕಿವಿ ಹರದ್ನೋ" ಎಂದು ಎದೆ ಬಡಿದುಕೊಂಡಳು. ಇಡೀ ಬಿಲ್ಡಿಂಗು ಸೇರಿತು. ಯಾರೋ ಟವೆಲ್ ಕೊಟ್ಟರು, ಯಾರೋ ರಿಕ್ಷಾ ತಂದರು. ಕೆಳಗಿನ ಮನೆಯವರು ಗೇಟಿನ ಹತ್ತಿರ ಭಾವನನ್ನು ಹಿಡಿದು ನಾಲ್ಕು ಬಿಗಿದರು.

ಆಸ್ಪತ್ರೆಯಲ್ಲಿ ನನ್ನ ಕಿವಿಗೆ ಹೊಲಿಗೆ ಹಾಕಿ, ಅಕ್ಕನ ಅಂಗೈಗೆ ಮುಲಾಮು ಹಚ್ಚಿದರು. ಅಲ್ಲಿಂದ ಮೂವರೂ ಪೊಲೀಸ್ ಚೌಕಿಗೆ ಹೋದೆವು. ಭಾವ ಆಗಲೇ ಬೆಂಚಿನ ಮೇಲೆ ಕೂತಿದ್ದ, ಮುಖದ ಒಂದು ಮಗ್ಗುಲು ಕೆಂಪಗೆ ಉಬ್ಬಿತ್ತು. ಕಾನ್ಸ್‌ಟೇಬಲ್ ನನ್ನ ತಲೆಯ ಪಟ್ಟಿ, ಅಂಗಿಯ ಮೇಲಿನ ರಕ್ತ ನೋಡಿ ಕೂಡಲೇ ಪೆನ್ನು ತೆಗೆದರು. ಹೇಗೆ ಎಳೆದ, ಯಾವ ಕೈಯಿಂದ ಎಳೆದ ಎಂದು ಮರಾಠಿಯಲ್ಲಿ ಕೇಳಿ ಕೇಳಿ ಬರೆದುಕೊಂಡರು. ಅವ್ವ ಅಳುತ್ತ, ಒಬ್ಬನೇ ಮಗ, ಒಬ್ಬನೇ ಮಗ ಎನ್ನುತ್ತಿದ್ದಳು.

ಬರೆದು ಮುಗಿಸಿ ಅವರು ಸಹಿ ಹಾಕಲು ಕಾಗದ ನನ್ನ ಕಡೆ ಸರಿಸಿದರು. ಅಕ್ಕ ಪಟ್ಟಿ ಸುತ್ತಿದ ಕೈಯನ್ನು ಅದರ ಮೇಲೆ ಇಟ್ಟಳು.

"ಮಾಝಂಹೀ ಲಿಹಾ" ಎಂದಳು. ನನ್ನದೂ ಬರೆಯಿರಿ.

ಗಂಡ ಹೆಂಡತಿ ವಿಷಯ, ಆಮೇಲೆ ಕೂತು ಮಾತಾಡೋಣ ಎಂದರು ಅವರು. ಅಕ್ಕ ಅವ್ವನ ಕಡೆ ತಿರುಗಿದಳು. ಕನ್ನಡದಲ್ಲಿ, ಎಲ್ಲರ ಎದುರು ಹೇಳಿದಳು:

"ಇವನ ಕಿವಿ ಹರದ್ರ ಇಷ್ಟ್ ಅತ್ತೀ. ಇಡೀ ಓಣಿ ಓಡಿ ಬಂತು. ಮೂರ್ ವರ್ಷದಿಂದ ನಂದು ಹರ್ಯಾಕತ್ತದ, ನೀ ಏನು ಕೇಳಿದಿ? ಎಷ್ಟ್ ದಿನ ಇರ್ತೀ ಅಂತ ಕೇಳಿದಿ."

ಅವ್ವನ ಅಳು ನಿಂತಿತು. ಆಮೇಲೆ ಎದ್ದಳು. ಅಕ್ಕನ ಬಲಗೈ ಹಿಡಿದು, ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿ, ಸುಟ್ಟ ಕಲೆ ಕಾಣುವಂತೆ ಮೇಜಿನ ಮೇಲೆ ಚಾಚಿ ಹಿಡಿದಳು. ಅವಳ ಮರಾಠಿ ಎಂದೂ ಸರಿ ಇರಲಿಲ್ಲ.

"ಹೇ ಪಣ ಲಿಹಾ ಸಾಹೇಬ" ಎಂದಳು. "ಸಗಳಂ ಲಿಹಾ."

ಇದನ್ನೂ ಬರೆಯಿರಿ, ಎಲ್ಲ ಬರೆಯಿರಿ. ಕಾನ್ಸ್‌ಟೇಬಲ್ ಈ ಸಲ ಬರೆದುಕೊಂಡರು. ಒಬ್ಬ ಹೆಣ್ಣು ಪೊಲೀಸ್ ಬಂದು ಅಕ್ಕನನ್ನು ಒಳಗೆ ಕರೆದೊಯ್ದು ಬೆನ್ನು ನೋಡಿದರು. ಹೊರಗೆ ಬಂದಾಗ ಅವರ ಮುಖ ಬಿಗಿದಿತ್ತು. ಭಾವ ತನ್ನ ಮುಖ ತೋರಿಸಿ ತಾನೂ ದೂರು ಕೊಟ್ಟ. ಆ ಎರಡು ದೂರುಗಳ ಹಿಂದೆ ವರ್ಷಗಟ್ಟಲೆ ಕೋರ್ಟಿಗೆ ಅಲೆದೆವು. ಕೊನೆಗೆ ಎರಡೂ ಕಡೆಯವರು ದೂರು ಹಿಂದೆ ತೆಗೆದುಕೊಂಡೆವು, ಅಕ್ಕ ಭಾವ ಬೇರೆಯಾದರು.

ನನ್ನ ಕಿವಿ ಆ ಮಳೆಗಾಲವಿಡೀ ಮಾಯಲಿಲ್ಲ. ಹೊಲಿಗೆಯ ಒಳಗೆ ಮತ್ತೆ ಕೀವು ತುಂಬಿತು. ಡಾಕ್ಟರು ಕೊಯ್ದು, ಕೊಳೆತ ಭಾಗ ಕೆರೆದು ತೆಗೆದರು. ಅರಿವಳಿಕೆಯ ಸೂಜಿ ಚುಚ್ಚಿದ ಮೇಲೂ ನಾನು ಕಿರುಚಿದೆ. ಅಕ್ಕ ಎರಡೂ ಕೈಯಲ್ಲಿ ನನ್ನ ತಲೆ ಅದುಮಿ ಹಿಡಿದಿದ್ದಳು. ಸುಟ್ಟ ಅಂಗೈಯ ಹೊಸ ಚರ್ಮ ನನ್ನ ಹಣೆಗೆ ತಾಗುತ್ತಿತ್ತು. ಕಿವಿಯ ಮೇಲಂಚು ಸುಕ್ಕಾಗಿ ಒಳಕ್ಕೆ ಮಡಚಿಕೊಂಡಿತು. ಈಗಲೂ ಹಾಗೇ ಇದೆ. ಪಥಕಕ್ಕೆ ನಾನು ಮತ್ತೆ ಹೋಗಲಿಲ್ಲ.

ಅಕ್ಕ ಬಹಳ ದಿನ ಹಿಂದಿನಿಂದ ಯಾರಾದರೂ ಬಂದರೆ ಬೆಚ್ಚುತ್ತಿದ್ದಳು. ಒಮ್ಮೆ ಅವಳು ಉಳ್ಳಾಗಡ್ಡಿ ಹೆಚ್ಚುವಾಗ ಅವ್ವ ಹೆಗಲು ಮುಟ್ಟಿದಳು. ಅವಳು ಚಾಕು ಹಿಡಿದೇ ತಿರುಗಿದಳು, ಅವ್ವನ ಸೆರಗು ಹರಿಯಿತು. ಮರುದಿನದಿಂದ ಅವ್ವ ಅಡುಗೆಮನೆಗೆ ಹೋಗುವ ಮುಂಚೆ, "ಬಂದೆ ನೋಡವಾ" ಎಂದು ಕೂಗಿ ಹೇಳಿಯೇ ಹೋಗುತ್ತಿದ್ದಳು.

ಆ ವರ್ಷದ ದಸರೆ ಮುಗಿದ ಮೇಲೆ ಅಕ್ಕ ಸಾಸವಡದಿಂದ ತನ್ನ ಸಾಮಾನು ತರಲು ಹೊರಟಳು. ನಾನು ಸ್ಕೂಟರ್ ಮೇಲೆ ಕರೆದೊಯ್ದೆ. ಆ ಮನೆಯ ಗೇಟು ತೆರೆಯಲಿಲ್ಲ. ಭಾವನ ತಾಯಿ ಮಾಳಿಗೆಯಿಂದ ಅಕ್ಕನ ಸೀರೆಗಳನ್ನು ಒಂದೊಂದಾಗಿ ರಸ್ತೆಗೆ ಎಸೆದರು. ಕೊನೆಗೆ ಒಂದು ಟಿಫಿನ್ ಡಬ್ಬಿ ನನ್ನ ಕಾಲ ಬಳಿ ಬಿದ್ದು ನಜ್ಜಾಯಿತು. ನಾನು ಗೇಟಿಗೆ ಒದ್ದೆ.

"ಬ್ಯಾಡ" ಎಂದಳು ಅಕ್ಕ. "ನೀ ಸೀರಿ ಆರಿಸು."

ರಸ್ತೆಯಲ್ಲಿ ಕೂತು ಆರಿಸಿದೆವು, ಧೂಳು ಝಾಡಿಸಿ ಮಡಚಿ ಚೀಲಕ್ಕೆ ತುಂಬಿದೆವು. ವಾಪಸು ಬರುವಾಗ ಬೋಪದೇವ ಘಾಟಿನಲ್ಲಿ ಅವಳು ಗಾಡಿ ನಿಲ್ಲಿಸಲು ಹೇಳಿದಳು. ಸೀತಾಫಲ ಮಾರುತ್ತಿದ್ದ ಹೆಂಗಸಿನ ಹತ್ತಿರ ದೊಡ್ಡದೊಂದು ಹಣ್ಣು ಆರಿಸಿಕೊಂಡು, ಅಲ್ಲೇ ಕಟ್ಟೆಯ ಮೇಲೆ ಕೂತು ಒಡೆದು ತಿಂದಳು. ಬೀಜಗಳನ್ನು ಕಣಿವೆಯ ಕಡೆ ಜೋರಾಗಿ ಉಗುಳಿದಳು. ನನಗೂ ಕೊಡುತ್ತಾಳೆಂದು ಕೈ ಚಾಚಿದೆ.

"ನಿನಗ ಬೇಕಂದ್ರ ಬ್ಯಾರೆ ತಗೋ" ಎಂದಳು. "ಇದು ನಂದು."