ಅಕ್ಕು ಕೊಡಿಸಿದ ತಪ್ಪು ಕಾಣಿಕೆ

ಉಚ್ಚಿಲದ ಅಕ್ಕುವಿನ ಬಾಯಿಗೆ ಹೆದರದವರು ಕಾರ್ಕಳದ ಮೀನು ಮಾರುಕಟ್ಟೆಯಲ್ಲಿ ಯಾರೂ ಇಲ್ಲ. ಮೂವತ್ತು ವರ್ಷಗಳಿಂದ ಬೆಳಗಿನ ಬಸ್ಸಿಗೆ ಬುಟ್ಟಿ ಹತ್ತಿಸಿ, ಬಂಗುಡೆ ಬೂತಾಯಿ ಮಾರಿ ಮಗನನ್ನು ಸಾಕಿದವಳು. ನಿನ್ನೆಯ ಮೀನನ್ನು ಇಂದಿನದೆಂದು ಹೇಳಿದವಳಲ್ಲ. ಅವಳ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಹಾಗೆ ಎಂದು ಗಿರಾಕಿಗಳೇ ಹೇಳುತ್ತಾರೆ. ಆ ಹೆಸರೇ ಈಗ ಅವಳನ್ನು ಚುಚ್ಚುತ್ತಿದೆ.

ಅವಳ ಗಂಡ ಕುಡಿದು ಕುಡಿದೇ ಸತ್ತ. ಆದ್ದರಿಂದ ಮಗ ಧನರಾಜ್ ದೊಡ್ಡ ಬಲೆ ಬೀಸುವ ಪರ್ಸಿನ್ ಬೋಟಿಗೆ ಸೇರಿದಾಗ ಅಕ್ಕು ಕೇಳಿಕೊಂಡದ್ದು ಒಂದೇ, ಇವನು ಅದನ್ನು ಮುಟ್ಟದಿರಲಿ ಎಂದು. ಹುಡುಗ ಕೆಲಸದಲ್ಲಿ ಚುರುಕು. ಆದರೆ ಸಮುದ್ರದಲ್ಲಿ ಮೀನಿನ ಹಿಂಡು ಕಂಡು, ಬೋಟು ನಡೆಸುವ ತಂಡೇಲ ಧರ್ಮಪಾಲ "ಬಲೆ ಬಿಡಿ!" ಎಂದು ಕೂಗಿದ ಕೂಡಲೇ ಎಲ್ಲರೂ ಹಾರಿ ಎದ್ದರೆ ಇವನೊಬ್ಬ ತೂರಾಡುತ್ತಿದ್ದ. ನಾಲಗೆ ತೊದಲುತ್ತಿತ್ತು, ಕೈ ನಡುಗುತ್ತಿತ್ತು. ಎರಡು ಮೂರು ನಿಮಿಷ ಕಳೆದರೆ ಏನೂ ಆಗದವನ ಹಾಗೆ ಹಗ್ಗ ಎಳೆಯುತ್ತಿದ್ದ.

"ಬೆಳಿಗ್ಗೆಯೇ ಏರಿಸಿಕೊಂಡು ಬರುವುದು ಎಂತ ಮಾರಾಯ?" ಎಂದ ತಂಡೇಲ.

ವಾಸನೆ ಬರುವುದಿಲ್ಲವಲ್ಲ ಎಂದು ಒಬ್ಬ ಹೇಳಿದ್ದಕ್ಕೆ, ಈಗಿನವರು ವಾಸನೆ ಬಾರದ್ದನ್ನೇ ಕುಡಿಯುವುದು ಎಂದು ಇನ್ನೊಬ್ಬ ನಕ್ಕ. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಮಾತು ಮೀನಿಗಿಂತ ಮೊದಲೇ ದಡ ಸೇರಿತು.

ಅಕ್ಕು ಮಗನನ್ನು ಕುಟುಂಬದ ದೈವಸ್ಥಾನಕ್ಕೆ ಕರೆದೊಯ್ದು ಇನ್ನು ಕುಡಿಯುವುದಿಲ್ಲವೆಂದು ಆಣೆ ಮಾಡಿಸಿದಳು. ಎಂಟನೆಯ ದಿನ ಅವನು ಬೋಟಿನಲ್ಲಿ ಮತ್ತೆ ಬಿದ್ದ. ಧರ್ಮಪಾಲ ಅವನ ಬಟ್ಟೆಯ ಚೀಲವನ್ನು ಬಂದರಿನಲ್ಲೇ ಇಳಿಸಿಬಿಟ್ಟ. ಅಕ್ಕುವಿಗೆ ಕೆಲಸ ಹೋದದ್ದಕ್ಕಿಂತ ಆಣೆ ತಪ್ಪಿದ್ದು ಹೆಚ್ಚಾಯಿತು.

"ನಾನು ಕುಡಿಯಲಿಲ್ಲಮ್ಮ," ಎಂದು ಅವನು ಮನೆಯಲ್ಲಿ ಒಂದೇ ಸಲ ಹೇಳಿದ್ದು.

"ನಿನ್ನ ಅಪ್ಪನೂ ಹಾಗೆಯೇ ಹೇಳುತ್ತಿದ್ದದ್ದು," ಎಂದಳು ಅಕ್ಕು.

ಆ ವರ್ಷದ ತಂಬಿಲದ ದಿನ, ಪೂಜೆಗೆ ಸೇರಿದ ಕುಟುಂಬದವರೆಲ್ಲರ ಎದುರು ಅವಳು ಮಗನಿಂದ ದೈವಕ್ಕೆ ತಪ್ಪು ಕಾಣಿಕೆ ಇಡಿಸಿದಳು. ಧನರಾಜ್ ತಲೆ ತಗ್ಗಿಸಿ, "ತಪ್ಪಾಯಿತು" ಎಂದ. ಮಗ ಉಳಿದ ಎಂದು ಅಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಯಾವ ಬೋಟಿನವರೂ ಅವನನ್ನು ಹತ್ತಿಸಲಿಲ್ಲ. ದೈವದ ಎದುರಲ್ಲೇ ಒಪ್ಪಿಕೊಂಡವನನ್ನು ಯಾರು ನಂಬುತ್ತಾರೆ? ಅವನು ಕಾಪುವಿನಲ್ಲಿ ಕುಳಿತು ಹರಿದ ಬಲೆ ಹೊಲಿಯತೊಡಗಿದ. ಹೀಗೆ ಎಂಟು ವರ್ಷ ಹೋಯಿತು.

ಕೊನೆಗೆ ನಂಬಿದವಳು ಕಳೆದ ವರ್ಷವಷ್ಟೇ ಸೊಸೆಯಾಗಿ ಬಂದ ಶರ್ಮಿಳಾ. ಒಂದು ಬೆಳಿಗ್ಗೆ ಅಂಗಳದಲ್ಲಿ ತೆಂಗಿನ ಮಡಲು ದೊಪ್ಪನೆ ಬಿತ್ತು. ತಿಂಡಿ ತಿನ್ನುತ್ತಿದ್ದ ಧನರಾಜ್ ಬೆಚ್ಚಿ ಎದ್ದವನು ಗೋಡೆಗೆ ವಾಲಿದ. ಶರ್ಮಿಳಾ ಅದನ್ನು ಮೊಬೈಲಿನಲ್ಲಿ ತೆಗೆದುಕೊಂಡಳು. "ಇವರು ಎದ್ದಾಗಿನಿಂದ ನನ್ನ ಕಣ್ಣೆದುರೇ ಇದ್ದಾರೆ ಅತ್ತೆ. ಎಲ್ಲಿ ಕುಡಿದದ್ದು ಹೇಳಿ?" ಎಂದಳು. ಅಕ್ಕು ಅಂದು ಮಾರುಕಟ್ಟೆಗೆ ಹೋಗಲಿಲ್ಲ, ಅವರಿಬ್ಬರ ಜೊತೆ ಮಣಿಪಾಲದ ಬಸ್ಸು ಹತ್ತಿದಳು.

ಮಣಿಪಾಲದಲ್ಲಿ ನರರೋಗದ ಡಾಕ್ಟರು ಜೋಸ್ಲಿನ್ ವಿಡಿಯೊ ನೋಡಿದರು. ಧನರಾಜನ ಅಂಗೈ ಬಿಡಿಸಿ ಬೆಳಕಿಗೆ ಹಿಡಿದರು. ಬೆರಳ ಬುಡದಲ್ಲಿ, ಚರ್ಮದಡಿಯಲ್ಲಿ ಏನೋ ಹರಿದಾಡಿದಂತೆ ಸಣ್ಣಗೆ ಅದುರುತ್ತಿತ್ತು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಮೂವರನ್ನೂ ಕೂರಿಸಿಕೊಂಡು ಹೇಳಿದರು.

"ನರದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಗೆ ಹೋಗಲಿಕ್ಕೆ ಸಣ್ಣ ಸಣ್ಣ ಬಾಗಿಲುಗಳು ಉಂಟು. ನರ ಒಮ್ಮೆ ಕೆಲಸ ಮಾಡಿದ ಮೇಲೆ ಅವು ತೆರೆದರೆ ನರ ತಣ್ಣಗಾಗುತ್ತದೆ. ಇವರಲ್ಲಿ ಅವು ಸರಿಯಾಗಿ ತೆರೆಯುವುದಿಲ್ಲ. ಬೆಚ್ಚಿದರೆ, ತಟ್ಟನೆ ಓಡಿದರೆ ನರಗಳು ಸುಮ್ಮನಾಗುವುದೇ ಇಲ್ಲ. ಆಗ ನಡಿಗೆ, ಮಾತು ಎಲ್ಲ ತಪ್ಪುತ್ತದೆ. ನೋಡುವವರಿಗೆ ಕುಡಿದ ಹಾಗೆಯೇ ಕಾಣುವುದು."

"ಬೊಂಡದ ನೀರು ಕುಡಿದರೆ ಸರಿಯಾಗುತ್ತದಾ? ಅದರಲ್ಲಿ ಪೊಟ್ಯಾಸಿಯಂ ಉಂಟಂತಲ್ಲ," ಎಂದು ಕೇಳಿದಳು ಶರ್ಮಿಳಾ.

"ಕಡಿಮೆಯಾದದ್ದು ಪೊಟ್ಯಾಸಿಯಂ ಅಲ್ಲ, ಕೆಟ್ಟದ್ದು ಬಾಗಿಲು. ಮಾತ್ರೆ ಕೊಡ್ತೇನೆ, ಬೀಳುವುದು ತುಂಬ ಕಡಿಮೆಯಾಗಬಹುದು." ಡಾಕ್ಟರು ಅಕ್ಕುವಿನ ಕಡೆ ತಿರುಗಿದರು. "ಇದು ಹೆಚ್ಚಾಗಿ ಅಪ್ಪನಿಂದಲೋ ಅಮ್ಮನಿಂದಲೋ ಬರುವಂಥದ್ದು. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗ್ತದಾ?"

"ಇಲ್ಲ ಡಾಕ್ಟ್ರೇ. ಯಾರಿಗೂ ಇಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಕ್ಕು ಹೇಳುತ್ತಲೇ ತನ್ನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು. ಆ ಕೈಯೂ ಚಿಕ್ಕಂದಿನಿಂದ ಹಾಗೆಯೇ ಅದುರುತ್ತಿತ್ತು. ಬಸ್ಸು ಹೊರಟಿತೆಂದು ಓಡಿದಾಗ ಅವಳ ಕಾಲೂ ಎಷ್ಟೋ ಸಲ ಸೋತಿತ್ತು, ನಾಲಗೆ ದಪ್ಪವಾಗಿತ್ತು. ಆಗೆಲ್ಲ ಕಂಡಕ್ಟರು ಬುಟ್ಟಿ ಹಿಡಿದುಕೊಂಡು ಸೀಟು ಬಿಡಿಸಿಕೊಟ್ಟಿದ್ದ. ಪಿತ್ತ ಮಾರಾಯ್ತಿ, ಜೀರಿಗೆ ಕಷಾಯ ಕುಡಿ ಎಂದಿದ್ದರು ಅಕ್ಕಪಕ್ಕದವರು. ಹೆಂಗಸು ತೂರಾಡಿದರೆ ಪಿತ್ತ, ಗಂಡಸು ತೂರಾಡಿದರೆ ಕಳ್ಳು. ಊರು ಹಾಗೆ ಅಂದದ್ದು ಹೋಗಲಿ, ತನ್ನದು, ಮಗನದು ಎರಡನ್ನೂ ಕಂಡ ಅಕ್ಕು ಕೂಡ ಹಾಗೆಯೇ ಅಂದುಕೊಂಡಿದ್ದಳು. ಕುಟುಂಬ, ದೈವ ಎಲ್ಲವೂ ತಾಯಿಯ ಕಡೆಯಿಂದಲೇ ಬರುವ ಜನ ಅವರು. ಮಗನಿಗೆ ಇದೂ ಅಲ್ಲಿಂದಲೇ ಬಂದಿತ್ತು. ಒಪ್ಪಿಕೊಂಡರೆ ಆ ತಂಬಿಲದ ದಿನದ ತಪ್ಪು ಅವಳ ಕುತ್ತಿಗೆಗೇ ಬರುತ್ತಿತ್ತು.

"ಹಾಗಾದರೆ ಇದು ನನ್ನಿಂದಲೇ ಶುರುವಾದದ್ದಾ?" ಎಂದು ಕೇಳಿದ ಧನರಾಜ್.

"ಹಾಗೂ ಆಗುವುದುಂಟು," ಎಂದರು ಡಾಕ್ಟರು.

ಅವನು ತಲೆ ತಗ್ಗಿಸಿದ. ಇನ್ನೊಂದು ತಪ್ಪನ್ನೂ ಅವನು ತನ್ನದೆಂದೇ ಒಪ್ಪಿಕೊಳ್ಳುವುದರಲ್ಲಿದ್ದ. ಅಕ್ಕುವಿಗೆ ತಡೆಯಲಾಗಲಿಲ್ಲ. ಸೆರಗಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು.

"ನಾನು ಸುಳ್ಳು ಹೇಳಿದೆ ಡಾಕ್ಟ್ರೇ. ನೋಡಿ. ನನಗೂ ಉಂಟು."

ಹೊರಗೆ ಶರ್ಮಿಳಾ ಮಾತ್ರೆ ತರಲು ಸಾಲಿನಲ್ಲಿ ನಿಂತಳು. ತಾಯಿ ಮಗ ಬೆಂಚಿನ ಮೇಲೆ ಕುಳಿತರು. ಅಕ್ಕು ಅಳುತ್ತಲೇ ಹೇಳಿದಳು. "ನಾಳೆಯೇ ಧರ್ಮಪಾಲನಿಗೆ ಹೇಳ್ತೇನೆ. ಕುಟುಂಬದವರನ್ನೆಲ್ಲ ಸೇರಿಸಿ ಹೇಳ್ತೇನೆ. ಆದರೆ ನೀನು ಯಾಕೆ ಮಗಾ ಅವತ್ತು ತಪ್ಪಾಯಿತು ಅಂದದ್ದು? ಕುಡಿಯಲೇ ಇಲ್ಲ ಅಲ್ವಾ ನೀನು?"

ಧನರಾಜ್ ಅವಳ ಕಡೆ ತಿರುಗಿದ. ಸಿಟ್ಟೇನೂ ಇರಲಿಲ್ಲ ಅವನ ದನಿಯಲ್ಲಿ.

"ನೀನು ಸುಳ್ಳು ಹೇಳುವವಳಲ್ಲ ಅಲ್ವಾ ಅಮ್ಮ? ನೀನೇ ಅಷ್ಟು ಗಟ್ಟಿಯಾಗಿ ಹೇಳಿದೆ. ಗೊತ್ತಿಲ್ಲದೆ ಎಲ್ಲಿಯೋ ಕುಡಿದೆನಾ ಅಂತ ನನಗೇ ಸಂಶಯ ಬಂತು. ಅವತ್ತಿನಿಂದ ನೀರು ಕುಡಿಯುವಾಗಲೂ ಒಮ್ಮೆ ಮೂಸಿ ನೋಡಿಯೇ ಕುಡಿಯುವುದು ನಾನು."

ಎಂಟು ವರ್ಷ ದಿನಾ ಅವನಿಗೆ ನೀರು ಕೊಟ್ಟವಳು ಅಕ್ಕುವೇ. ಅವನು ಮೂಸುವುದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.