ಮೂರನೇ ಬಂಡೆಯ ಮಾಕಳಿ

ಮೊಳೆತಿದೆ! ಮೂರನೇ ಬಂಡೆಯ ಮಾಕಳಿ ಬೀಜವೂ ಮೊಳೆತಿದೆ! ಇವತ್ತು ಬೆಳಿಗ್ಗೆ ಕುಂಡದಲ್ಲಿ ಎರಡು ಎಲೆ ಕಂಡು ನಾನು ಕೂಗಿದ ಕೂಗಿಗೆ, ಹಾವು ಬಂತೇನೋ ಎಂದು ಪಕ್ಕದ ಮನೆಯವರು ಕೋಲು ಹಿಡಿದು ಓಡಿಬಂದರು.

ಪಾಂಡವಪುರದ ಕಡೆಯ ನಮ್ಮ ಬೆಟ್ಟದಲ್ಲಿ, ಬಂಡೆ ಸಂದಿಯಲ್ಲಿ ಬೆಳೆಯುವ ಬಳ್ಳಿ ಮಾಕಳಿ. ಅದರ ಘಮಘಮಿಸುವ ಬೇರು ಉಪ್ಪಿನಕಾಯಿಗೂ ಬೇಕು, ಹೊಟ್ಟೆನೋವಿನ ಕಷಾಯಕ್ಕೂ ಬೇಕು. ನಮ್ಮವ್ವ ಒಂದು ಪಕ್ಕದ ಬೇರು ತೆಗೆದು ಮಣ್ಣು ಮುಚ್ಚುತ್ತಿದ್ದಳು. ಈಗ ಮಾರುವವರು ಬುಡಸಮೇತ ಕೀಳುತ್ತಾರೆ. ಹುಡುಕಿದರೆ ಮೂರು ಬಂಡೆಗೆ ಮೂರೇ ಬಳ್ಳಿ ಉಳಿದಿದ್ದವು.

ಗಿಡಗಳ ವಿಷಯ ಓದುತ್ತಿರುವ ಮೊಮ್ಮಗಳು ಬೀಜ ಹಿಡಿಯಲು ಅರಣ್ಯದವರ ಒಪ್ಪಿಗೆ ತಂದಳು. ಕೆಳಗಿನ ಬಂಡೆಯದೊಂದೇ ಸಾಕು ಎಂದೆ.

"ಸಾಲ್ದು ಕಣಜ್ಜಿ. ಒಂದೇ ತಾಯಿ ಮಕ್ಳಾದ್ರೆ ಒಂದು ರೋಗಕ್ಕೇ ಎಲ್ಲಾ ಓಯ್ತವೆ. ಬ್ಯಾರೆ ಬ್ಯಾರೆ ತಾಯಿದು ಬೇಕು."

"ಅಂಗಾರೆ ಮೂರೂ ಬಂಡೆ ಅತ್ಬೇಕಾ? ತಡಿ, ನನ್ ಮಂಡಿನೊಂದ್ ಮಾತು ಕೇಳ್ತೀನಿ."

ಹತ್ತಿದೆ. ಕಾಯಿ ಒಡೆದರೆ ಬೀಜ ಹತ್ತಿಯಂತೆ ಹಾರಿಹೋಗುತ್ತದೆ. ಅದಕ್ಕೇ ನನ್ನ ಹಳೇ ಕೆಂಪು ಸೀರೆ ಹರಿದು, ಕಾಯಿಗಳಿಗೆ ಚೀಲ ಕಟ್ಟಿ ಬಂದೆ.

ನಾಲ್ಕು ದಿನ ಕಳೆದು, ಕಿಕ್ಕೇರಿಯಲ್ಲಿರುವ ತಂಗಿಯ ಮನೆಗೆ ಬಸ್ಸು ಹತ್ತಿದೆ. ಕಿಟಕಿಯಿಂದ ಬೆಟ್ಟ ನೋಡಿದೆ. ಕಪ್ಪು ಬಂಡೆಯ ಮೇಲೆ ಕೆಂಪು ಚುಕ್ಕೆ! ರಸ್ತೆಗೇ ಕಾಣುತ್ತಿತ್ತು. ಬೇರು ಕೀಳುವವರಿಗೆ ನಾನೇ ಗುರುತು ಕಟ್ಟಿದ್ದೆ.

"ನಿಲ್ಸಪ್ಪಾ, ನಿಲ್ಸು!"

"ಏನಜ್ಜಿ, ಈಗ್ತಾನೆ ಅತ್ತಿದ್ದಿ?" ಕಂಡಕ್ಟರು ರೇಗಿದ.

"ಮನೆಗೆ ಬೀಗ ಆಕ್ದೆ ಬಂದ್ಬುಟ್ಟಿವ್ನಿ ಕಣಪ್ಪಾ." ನಿಜ ಹೇಳಲು ಭಯ. ಬಸ್ಸಿನಲ್ಲಿ ಯಾರಿರುತ್ತಾರೋ.

ಇಳಿದವಳೇ ಬೆಟ್ಟ ಹತ್ತಿದೆ. ಎರಡು ಬಂಡೆಯ ಬಳ್ಳಿ ಹಾಗೇ ಇದ್ದವು. ಕೆಂಪು ಚೀಲ ಬಿಚ್ಚಿ, ಕೈಚೀಲದಲ್ಲಿದ್ದ ಮಾಸಿದ ಬಟ್ಟೆ ಹರಿದು ಕಟ್ಟಿದೆ. ಮೂರನೆಯದರ ಹತ್ತಿರ ಹೋಗುವಷ್ಟರಲ್ಲಿ ಹಾರೆ ಕಲ್ಲಿಗೆ ತಾಗಿದ ಸದ್ದು. ಬಂಡೆ ಮರೆಗೆ ಕೂತುಬಿಟ್ಟೆ. ಆ ಹಾರೆ ನನ್ನ ಮೇಲೇ ಎತ್ತಿದರೆ? ಮೂಟೆ ಎಳೆದುಕೊಂಡು ಹೋದ ಸದ್ದು ಅಡಗಿದ ಮೇಲೆ ಎದ್ದು ನೋಡಿದೆ. ಬಳ್ಳಿಯಿದ್ದ ಕಡೆ ಹಸಿ ಗುಂಡಿ. ಅವರಿಗೆ ಬೇಕಿದ್ದುದು ಬೇರು. ಕೆಂಪು ಚೀಲವನ್ನು ಮುಳ್ಳಿನ ಮೇಲೆ ಎಸೆದಿದ್ದರು, ಕಾಯಿ ಸಮೇತ. ಕಾಯಿ ಇನ್ನೂ ಅರೆಹಸಿರು, ಬೀಜ ಬಲಿತಿತ್ತೋ ಇಲ್ಲವೋ; ಆದರೂ ಮಡಿಲಿಗೆ ಕಟ್ಟಿಕೊಂಡು ಬಂದೆ.

ಆ ತಾಯಿಯನ್ನು ಕೊಂದವಳು ನಾನೇ ಎಂದು ಊಟ ಸೇರಲಿಲ್ಲ. ಮೂರು ಬಂಡೆಯ ಬೀಜವನ್ನೂ ಮೂರು ಕುಂಡದಲ್ಲಿ ಬಿತ್ತಿದೆವು. ಉಳಿದೆರಡು ಕುಂಡ ಮೊಳೆತರೂ ಮೂರನೆಯದು ಬರಿ ಮಣ್ಣಾಗಿಯೇ ಇತ್ತು. ದಿನವೂ ಬೆರಳಲ್ಲಿ ಕೆದಕಿ ನೋಡಲು ಕೈ ಚಾಚುತ್ತಿದ್ದೆ, ಕೊಳೆತಿದ್ದರೆ ಎಂದು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಇವತ್ತಿನವರೆಗೂ ಅದೇ ಗೋಳು.

ಸಂಜೆ ಮಗ, ಸೊಸೆ, ಮೊಮ್ಮಗಳು, ನಮ್ಮ ಯಜಮಾನರು, ನಾನು ಒಟ್ಟಿಗೆ ಊಟಕ್ಕೆ ಕೂತೆವು. ಬಿಸಿ ಮುದ್ದೆ, ಅವರೆಕಾಳಿನ ಸಾರು.

"ಮಗ ಉಟ್ದಾಗ್ಲೂ ಇಂಗೆ ಕುಣಿನಿಲ್ಲ ಕಣಮ್ಮಿ ನೀನು," ಎಂದರು ಯಜಮಾನರು.

"ಅವನ್ನ ಯಾರೂ ಆರೆ ತಕಂಡು ಅಗ್ಯಕೆ ಬರ್ನಿಲ್ವಲ್ಲಾ!"

ಎಲ್ಲರೂ ನಕ್ಕರು. "ಮಳೆಗಾಲಕ್ಕೆ ಬೆಟ್ಟದಲ್ಲಿ ನೆಡೋಣ ಕಣಜ್ಜಿ, ಎಲ್ಲಿ ಅಂತ ಮಾತ್ರ ಯಾರ್ಗೂ ಯೋಳ್ಬೇಡ," ಎಂದಳು ಮೊಮ್ಮಗಳು. ನಾನು ತಲೆಯಾಡಿಸಿ, ಕೋಳಿ ಕೆದಕದಂತೆ ಕುಂಡದ ಮೇಲೆ ಮುಚ್ಚಿದ ಮಂಕರಿ ಬುಟ್ಟಿ ಕಣ್ಣಿಗೆ ಬೀಳುವಂತೆ ತಟ್ಟೆ ತಿರುಗಿಸಿಕೊಂಡು, ಇನ್ನರ್ಧ ಮುದ್ದೆ ಹಾಕಿಸಿಕೊಂಡೆ.