ಸೊಪ್ಪು ಬೇಯುವವರೆಗೆ

ಅವಳ ಹೆಸರು ಹೇಳಬಾರದು ಅಂತ ಕಾನೂನಿದೆ, ಹೇಳುವುದಿಲ್ಲ. ಪಿರಿಯಾಪಟ್ಟಣದ ಕಡೆಯ ನಮ್ಮೂರಲ್ಲಿ, ನ್ಯಾಯ ಪಂಚಾಯ್ತಿ ಮಾಡುವ ಊರ ಯಜಮಾನರ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗೆ ಕೂಲಿಗೆ ಹೋಗುತ್ತಿದ್ದಳು. ಅಲ್ಲೇ ಯಜಮಾನರ ಭಾಮೈದ ಅವಳ ಮೇಲೆ ಅತ್ಯಾಚಾರ ಮಾಡಿದ. ಹೋಗಿ ಹೇಳಿಕೊಂಡರೆ ಯಜಮಾನರು, "ಬ್ಯಾರನ್‌ಗೆ ಬೆಂಕಿ ಆಕಿವ್ನಿ ಕಣವ್ವ. ಸೊಪ್ಪು ಬೇಯ್ಲಿ, ಆಮೇಕೆ ನ್ಯಾಯ ಸೇರ್ಸುಮ" ಅಂದರು. ಉರಿಯುವ ಬ್ಯಾರನ್ ಬಿಟ್ಟು ಯಾರೂ ಏಳುವಂತಿಲ್ಲ, ನಮ್ಮ ಕಡೆ ಅದನ್ನು ಎಲ್ಲರೂ ಒಪ್ಪುತ್ತಾರೆ. ಅವಳೂ ಒಪ್ಪಿ ಕಾದಳು. ನ್ಯಾಯ ಸೇರಲೇ ಇಲ್ಲ.

ಊರಿನ ಆಶಾ ಕಾರ್ಯಕರ್ತೆ ನಾನು. ಕೊನೆಗೆ ನಾನೇ ಠಾಣೆಗೆ ಕರೆದುಕೊಂಡು ಹೋದೆ. ನಮಗಿಂತ ಮುಂಚೆ ಯಜಮಾನರು ಅಲ್ಲಿ ಕುರ್ಚಿಯಲ್ಲಿ ಕೂತಿದ್ದರು.

"ಇಷ್ಟು ದಿನ ಏನ್ ಮಾಡ್ತಿದ್ದೆಯಮ್ಮ?" ಅಂದರು ಸಾಹೇಬರು.

"ನಿಜ್ವಾಗಿದ್ರೆ ಅವತ್ತೇ ಬತ್ತಿರ್ಲಿಲ್ವಾ ಸಾ?" ಅಂದರು ಯಜಮಾನರು.

ನನಗೆ ಮೈಯೆಲ್ಲ ಉರಿದುಹೋಯಿತು. "ತಡ ಆಯ್ತು ಅಂತ ದೂರು ಬೇಡ ಅನ್ನೋ ಹಾಗಿಲ್ಲ ಸಾರ್. ಹೇಳಿಕೆ ಮಹಿಳಾ ಅಧಿಕಾರೀನೇ ಬರ್ಕೋಬೇಕು" ಅಂದೆ.

"ಮೇಡಂ ಬಂದೋಬಸ್ತ್‌ಗೆ ಹೋಗಿದಾರೆ. ಕಾಯ್ಬೇಕು" ಅಂದರು ಸಾಹೇಬರು.

ಮತ್ತೆ ಕಾದಳು. ಮಧ್ಯಾಹ್ನ ಮೀರಿ ಮೇಡಂ ಬಂದರು. ಒಳಗೆ ಕರೆಯದೆ ಎಲ್ಲರೆದುರೇ ಬರೆಯುತ್ತಾ, "ತಡಕ್ಕೆ ಕಾರಣ?" ಅಂದರು.

ಅವಳು ಯಜಮಾನರ ಕಡೆ ಕೈ ತೋರಿಸಿದಳು. "ಇವ್ರೇ ಮೇಡಂ. ಎಸ್ರು ಬರ್ಕಳಿ."

ಯಜಮಾನರು ದಡಕ್ಕನೆ ಎದ್ದರು. "ಬ್ಯಾರನ್ ಬೆಂಕಿ ಬುಟ್ಟು ಬಂದಿವ್ನಿ ಸಾ, ಬತ್ತೀನಿ." ಸಾಹೇಬರು ತಲೆಯಾಡಿಸಿ ಕಳಿಸಿಕೊಟ್ಟರು.

ಅವರ ಸೊಪ್ಪು ಬೆಂದು, ಮಾರಾಟವೂ ಆಗಿ, ಬ್ಯಾರನ್ ತಣ್ಣಗೆ ಬಿದ್ದಿತ್ತು. ಅದು ಇವಳಿಗೆ ಗೊತ್ತಿಲ್ಲವೇ? ಅದು ತಣ್ಣಗಾಗಲಿ ಅಂತಲೇ ತಾನೆ ಕಾದದ್ದು.